ಗಾಜಿನ ಮೇಲಿನ ಸ್ಟಿಕ್ಕರ್, ಡ್ಯಾಶ್‌ಬೋರ್ಡಿನ ಎಮಿಷನ್ ಚೀಟಿ: ಮೈಸೂರು–ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ಏಳು ಜನ. ನಾಲ್ವರ ಮಕ್ಕಳು ಯುರೋಪಿನಲ್ಲಿದ್ದಾರೆ. ಅಲ್ಲಿಗೆ ಹೋಗಿ ಬಂದವರನ್ನು ಮೊದಲು ಚಳಿ ಬಗ್ಗೆ ಕೇಳುತ್ತೇವೆ, ಆಮೇಲೆ ಊಟದ ಬಗ್ಗೆ. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ: "ಅಲ್ಲಿ ಕಾರಿನ ಗಾಜಿನ ಮೇಲೆ ಹಸಿರು ಸ್ಟಿಕ್ಕರ್ ಇಲ್ಲದಿದ್ದರೆ ಊರೊಳಗೇ ಬಿಡಲ್ವಂತೆ, ಹೌದಾ?" ಮಗಳ ಮನೆ ಸ್ಟುಟ್‌ಗಾರ್ಟಿನಲ್ಲಿರುವುದರಿಂದ ಉತ್ತರ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಹೇಳುತ್ತಾ ಹೋದಂತೆ ಇನ್ನೊಂದು ಗೊತ್ತಾಯಿತು. ನಮ್ಮ ಕಾರಿನ ಗಾಜಿನ ಮೇಲಿರುವ ಸ್ಟಿಕ್ಕರ್ ಏನು ಅನ್ನೋದೇ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಈ ಸ್ಟಿಕ್ಕರ್ ಅಂದರೆ ಏನು? ಯಾಕೆ ಅಂಟಿಸುತ್ತಾರೆ?

ಊರಿನ ಒಂದು ಭಾಗಕ್ಕೆ ಗೆರೆ ಎಳೆದು, "ಜಾಸ್ತಿ ಹೊಗೆ ಬಿಡುವ ಗಾಡಿ ಈ ಗೆರೆಯೊಳಗೆ ಬರಬಾರದು" ಅನ್ನುತ್ತಾರೆ. ಅದೇ ಕಡಿಮೆ ಹೊಗೆಯ ವಲಯ. ಸ್ವೀಡನ್ನಿನ ಸ್ಟಾಕ್‌ಹೋಮ್ ಮುಂತಾದ ಊರುಗಳು 1996ರಲ್ಲೇ ಲಾರಿ, ಬಸ್ಸುಗಳಿಗೆ ಇಂಥ ಗೆರೆ ಹಾಕಿದ್ದವು. ಆದರೆ ರಸ್ತೆಯಲ್ಲಿ ನಿಂತ ಪೊಲೀಸ್ ಪ್ರತಿ ಗಾಡಿ ನಿಲ್ಲಿಸಿ ಸೈಲೆನ್ಸರಿಗೆ ಮೂಗು ಹಿಡಿಯೋಕಾಗುತ್ತಾ? ಅದಕ್ಕೇ ಬಣ್ಣದ ಸ್ಟಿಕ್ಕರ್. ದೂರದಿಂದ ನೋಡಿದರೂ ಗಾಡಿ ಯಾವ ದರ್ಜೆಯದು ಅಂತ ತಿಳಿಯಬೇಕು, ಅಷ್ಟೇ ಅದರ ಕೆಲಸ.

ಮೈಸೂರಿನಲ್ಲೋ ಮಂಡ್ಯದಲ್ಲೋ ಇಂಥ ವಲಯ ಇದೆಯಾ?

ಇಲ್ಲ. ಸಯ್ಯಾಜಿರಾವ್ ರಸ್ತೆಗೂ ದೇವರಾಜ ಅರಸು ರಸ್ತೆಗೂ ನಿಮ್ಮ ಗಾಡಿ ಎಷ್ಟು ಹಳೆಯದಾದರೂ ಹೋಗಬಹುದು, ಕಾಗದಪತ್ರ ಸರಿ ಇದ್ದರೆ ಸಾಕು. ದಸರಾ ಸಮಯದಲ್ಲಿ ಅರಮನೆ ಸುತ್ತ ಗಾಡಿ ಬಿಡದಿರುವುದು ಜನಸಂದಣಿಗಾಗಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು 2023ರ ಆಗಸ್ಟ್‌ನಲ್ಲಿ ಹೊರಗಿಟ್ಟಿದ್ದು ಅಪಘಾತದ ಕಾರಣಕ್ಕೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕುವುದು ಕಾಡುಪ್ರಾಣಿಗಳಿಗಾಗಿ. ಇವು ಯಾವುದಕ್ಕೂ ಹೊಗೆಗೂ ಸಂಬಂಧ ಇಲ್ಲ.

ಹಾಗಾದರೆ ನನ್ನ ಕಾರಿನ ಮುಂದಿನ ಗಾಜಿನ ಎಡ ಮೂಲೆಯಲ್ಲಿ ಹೊಳೆಯೋ ಸ್ಟಿಕ್ಕರ್ ಇದೆಯಲ್ಲ, ಅದೇನು?

ಕಾನೂನಿನ ಲೆಕ್ಕದಲ್ಲಿ ಅದು ನಿಮ್ಮ ಮೂರನೇ ನಂಬರ್ ಪ್ಲೇಟ್. ಮುಂದೊಂದು, ಹಿಂದೊಂದು, ಗಾಜಿನ ಒಳಗಡೆ ಇದೊಂದು. 100 ಮಿಲಿಮೀಟರ್ ಅಗಲ, 60 ಮಿಲಿಮೀಟರ್ ಎತ್ತರ. 2019ರ ಏಪ್ರಿಲ್ 1ರಿಂದ ಮಾರಾಟವಾದ ಕಾರುಗಳಿಗೆ ಶೋರೂಮಿನಲ್ಲೇ ಬರುತ್ತದೆ. ಅದಕ್ಕೂ ಹಳೆಯ ಕಾರುಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಹಾಕಿಸಿದಾಗ ಜೊತೆಗೆ ಕೊಡುತ್ತಾರೆ. ಕರ್ನಾಟಕದಲ್ಲಿ ಅದಕ್ಕೆ 2023ರ ಆಗಸ್ಟ್‌ನಲ್ಲಿ ಆದೇಶ ಬಂತು, ಗಡುವು ಎಷ್ಟು ಸಲ ಮುಂದೆ ಹೋಯಿತು ಅನ್ನೋದು ನಿಮಗೂ ನೆನಪಿರಬೇಕು.

ಇದರಲ್ಲಿ ಬಣ್ಣವೇ ಮುಖ್ಯ. ತಿಳಿನೀಲಿ ಇದ್ದರೆ ಪೆಟ್ರೋಲ್ ಅಥವಾ ಸಿಎನ್‌ಜಿ. ಕಿತ್ತಳೆ ಇದ್ದರೆ ಡೀಸೆಲ್. ಉಳಿದವಕ್ಕೆ ಬೂದು. ಮೇಲ್ಗಡೆ ಒಂದು ಸೆಂಟಿಮೀಟರ್ ಅಗಲದ ಹಸಿರು ಪಟ್ಟಿ ಇದ್ದರೆ ಗಾಡಿ ಬಿಎಸ್-6 ಅಂತ ಅರ್ಥ (ಅದು ಹೊಗೆಯ ಮಿತಿಯ ದರ್ಜೆ, ಮುಂದೆ ಹೇಳಿದ್ದೇನೆ). ಹಸಿರು ಪಟ್ಟಿಯ ನಿಯಮ ಜಾರಿಗೆ ಬಂದಿದ್ದು 2020ರ ಅಕ್ಟೋಬರ್ 1ರಂದು. ಈ ಬಣ್ಣದ ಯೋಚನೆ ಹುಟ್ಟಿದ್ದು ದೆಹಲಿಯ ಹೊಗೆಯಿಂದ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೊದಲು ದೆಹಲಿ ಸುತ್ತಮುತ್ತಲ ಗಾಡಿಗಳಿಗೆ ಒಪ್ಪಿತು, ಆಮೇಲೆ ನಿಯಮ ದೇಶಕ್ಕೆಲ್ಲ ಬಂತು.

ಅಂದರೆ ವಲಯ ನಮ್ಮಲ್ಲಿಲ್ಲ, ಸ್ಟಿಕ್ಕರ್ ಮಾತ್ರ ಆಗಲೇ ಬಂದು ಕೂತಿದೆ. ಮದುವೆ ಗೊತ್ತಾಗೋ ಮುಂಚೆ ಛತ್ರ ಬುಕ್ ಮಾಡಿದ ಹಾಗೆ.

ನಂದು ಸ್ಕೂಟರ್. ನನಗೂ ಬೇಕಾ?

ಬೇಡ. ಈ ಮೂರನೇ ಸ್ಟಿಕ್ಕರ್ ಮುಂದಿನ ಗಾಜಿರುವ ಗಾಡಿಗಳಿಗೆ, ದ್ವಿಚಕ್ರ ವಾಹನಕ್ಕೆ ಇಲ್ಲ. ಎಮಿಷನ್ ಟೆಸ್ಟ್ ಮಾತ್ರ ಮಾಡಿಸಲೇಬೇಕು.

ಬಿಎಸ್ ಅಂದರೇನು? ನನ್ನ ಗಾಡಿ ಬಿಎಸ್ ಎಷ್ಟು ಅಂತ ಹೇಗೆ ತಿಳಿಯೋದು?

ಬಿಎಸ್ ಅಂದರೆ ಭಾರತ್ ಸ್ಟೇಜ್. ಕಾರ್ಖಾನೆಯಿಂದ ಹೊರಬರುವಾಗ ಗಾಡಿ ಎಷ್ಟರ ಮಟ್ಟಿಗೆ ಹೊಗೆ ಬಿಡಬಹುದು ಅನ್ನುವ ಮಿತಿ ಅದು. ಯುರೋಪಿನ ಯೂರೋ ದರ್ಜೆಗಳನ್ನೇ ನೋಡಿ ಮಾಡಿದ್ದು. ಬಿಎಸ್-4 ಹೆಚ್ಚು ಕಡಿಮೆ ಯೂರೋ 4ಕ್ಕೆ ಸಮ, ಬಿಎಸ್-6 ಯೂರೋ 6ಕ್ಕೆ. ನಡುವಿನ 5 ನಮ್ಮಲ್ಲಿ ಬರಲೇ ಇಲ್ಲ. ನಾಲ್ಕರಿಂದ ನೇರ ಆರಕ್ಕೆ ಹಾರಿದೆವು, 2020ರ ಏಪ್ರಿಲ್ 1ಕ್ಕೆ. ಅವತ್ತಿನಿಂದ ಡೀಸೆಲ್, ಪೆಟ್ರೋಲಿನ ಗಂಧಕದ ಪ್ರಮಾಣವೂ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. ಗಂಧಕ ಜಾಸ್ತಿ ಇದ್ದರೆ ಹೊಸ ಗಾಡಿಗಳ ಫಿಲ್ಟರ್, ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತವೆ. ಹಾಗಾಗಿ ಗಾಡಿಯ ಜೊತೆಗೆ ಇಂಧನವೂ ಬದಲಾಗಲೇಬೇಕಿತ್ತು.

ಇಲ್ಲಿ ಮೈಸೂರಿನವರು ಒಂದು ವಿಷಯ ಗಮನಿಸಬೇಕು. ಬಿಎಸ್-4 ಮೊದಲು ಬಂದಿದ್ದು 2010ರ ಏಪ್ರಿಲ್‌ನಲ್ಲಿ, ಬೆಂಗಳೂರು ಸೇರಿ 13 ನಗರಗಳಿಗೆ ಮಾತ್ರ. ಮೈಸೂರು ಆ ಪಟ್ಟಿಯಲ್ಲಿರಲಿಲ್ಲ. ದೇಶದ ಎಲ್ಲ ಕಡೆ ಬಿಎಸ್-4 ಆಗಿದ್ದು 2017ರ ಏಪ್ರಿಲ್‌ಗೆ. ಆ ನಡುವಿನ ವರ್ಷಗಳಲ್ಲಿ ಒಂದೇ ಹೆಸರಿನ ಕಾರು ಒಂದೂರಲ್ಲಿ ಬಿಎಸ್-4, ಪಕ್ಕದೂರಲ್ಲಿ ಬಿಎಸ್-3 ಆಗಿರಬಹುದಿತ್ತು. ಆದ್ದರಿಂದ "ನಮ್ಮ ಭಾವನ ಕೆಎ-05 ಗಾಡಿ ಬಿಎಸ್-4, ನಂದು ಅದೇ ವರ್ಷದ ಕೆಎ-09, ನಂದೂ ಅದೇ" ಅಂತ ಊಹೆ ಮಾಡಬೇಡಿ. ಕೆಎ-55 ಇರಲಿ, ಮಂಡ್ಯದ ಕೆಎ-11 ಇರಲಿ, ಆರ್‌ಸಿಯಲ್ಲಿ ಬರೆದಿರುತ್ತದೆ, ನೋಡಿ. ಹಳೇ ಆರ್‌ಸಿಯಲ್ಲಿ ಕಾಣದಿದ್ದರೆ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಬಹುದು.

ನನ್ನ ಹತ್ತಿರ ಎಮಿಷನ್ ಚೀಟಿ ಇದೆ. ಸ್ಟಿಕ್ಕರ್ ಮತ್ತೆ ಯಾಕೆ? ಎರಡೂ ಒಂದೇ ಅಲ್ವಾ?

ಕೆರೆ ಏರಿ ಮೇಲೆ ನಾನು ಅತಿ ಹೆಚ್ಚು ಸಲ ಉತ್ತರ ಕೊಟ್ಟಿರೋ ಪ್ರಶ್ನೆ ಇದು. ಎರಡೂ ಬೇರೆ ಬೇರೆ.

ಸ್ಟಿಕ್ಕರ್ ಹೇಳುವುದು ಗಾಡಿಯ ಹುಟ್ಟನ್ನು. ಯಾವ ಮಿತಿಗೆ ಕಟ್ಟಿದ ಎಂಜಿನ್, ಯಾವ ಇಂಧನ, ಅಷ್ಟು. ಅದು ಜಾತಕ ಇದ್ದಂತೆ, ಬದಲಾಗುವುದಿಲ್ಲ. ಎಮಿಷನ್ ಚೀಟಿ ಹೇಳುವುದು ಈವತ್ತಿನ ಆರೋಗ್ಯವನ್ನು. ಬಿಪಿ ಚೆಕ್ ಮಾಡಿಸಿದ ಹಾಗೆ, ಆ ದಿನ ಆ ಹೊತ್ತಿಗೆ ಎಷ್ಟಿತ್ತು ಅಂತ.

ಎರಡರಲ್ಲೂ ಕೊರತೆ ಇದೆ. ಹದಿನೈದು ವರ್ಷ ಸರ್ವಿಸ್ ಮಾಡಿಸದೆ ಓಡಿಸಿದ ಯೂರೋ 4 ಡೀಸೆಲ್ ಕಾರಿಗೂ ಜರ್ಮನಿಯಲ್ಲಿ ಹಸಿರು ಸ್ಟಿಕ್ಕರೇ. ಇನ್ನೊಂದು ಕಡೆ, ಚೆನ್ನಾಗಿ ಟ್ಯೂನ್ ಮಾಡಿದ ಬಿಎಸ್-2 ಕಾರು ನಮ್ಮ ಎಮಿಷನ್ ಟೆಸ್ಟಿನಲ್ಲಿ ಸಲೀಸಾಗಿ ಪಾಸಾಗುತ್ತದೆ, ಏಕೆಂದರೆ ಹಳೇ ಗಾಡಿಗೆ ಹಳೇ ಮಿತಿ. ಡೀಸೆಲ್ ಹೊಗೆಯ ದಟ್ಟತೆಗೆ ಬಿಎಸ್-4ಕ್ಕಿಂತ ಹಿಂದಿನ ಗಾಡಿಗಳಲ್ಲಿ 65ರವರೆಗೆ ಮಾಫಿ ಇದೆ, ಬಿಎಸ್-4ಕ್ಕೆ 50. ಅದಲ್ಲದೆ ನಮ್ಮ ಟೆಸ್ಟಿನಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ. ಯುರೋಪಿನ ಊರುಗಳು ಡೀಸೆಲ್ ಮೇಲೆ ಮುಗಿಬಿದ್ದಿದ್ದು ಮುಖ್ಯವಾಗಿ ಅದೇ ಅನಿಲದ ಕಾರಣಕ್ಕೆ.

ಎಮಿಷನ್ ಟೆಸ್ಟ್ ಎಷ್ಟು ದಿನಕ್ಕೊಮ್ಮೆ?

ಹೊಸ ಗಾಡಿಗೆ ನೋಂದಣಿಯಿಂದ ಒಂದು ವರ್ಷ ಬೇಡ. ಆಮೇಲೆ ಬಿಎಸ್-4, ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಬ್ಯಾಟರಿ ಗಾಡಿಗೆ ಸೈಲೆನ್ಸರೇ ಇಲ್ಲವಲ್ಲ, ಟೆಸ್ಟೂ ಇಲ್ಲ.

ಸೈಲೆನ್ಸರಿಗೆ ಪೈಪೇ ಹಾಕದೆ ಚೀಟಿ ಕೊಟ್ಟರು. ಪರವಾಗಿಲ್ವಾ?

ನನಗೂ ಹೀಗೆ ಆಗಿದೆ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತಿದ್ದ ವ್ಯಾನಿನ ಹುಡುಗ ನಂಬರ್ ಪ್ಲೇಟಿನ ಫೋಟೊ ಹೊಡೆದ, ಎರಡು ನಿಮಿಷಕ್ಕೆ ಕಾಗದ ಕೈಗಿಟ್ಟ. "ಎಂಜಿನ್ ಆನ್ ಮಾಡ್ಲೇನಪ್ಪಾ?" ಅಂದೆ. "ಬೇಡ ಸಾರ್, ನಿಮ್ಮ ಗಾಡಿ ಚೆನ್ನಾಗೈತೆ" ಅಂದ. ನೋಡಿದ್ದು ಮಾತ್ರ ಬಣ್ಣ! ಆಗ ಸುಮ್ನೆ ನಕ್ಕು ಬಂದೆ. ಎರಡು ತಿಂಗಳಾದ ಮೇಲೆ ಮೈಲೇಜ್ ಬೀಳುತ್ತಿದೆ ಅಂತ ಮೆಕ್ಯಾನಿಕ್ ಹತ್ತಿರ ಹೋದರೆ ಏರ್ ಫಿಲ್ಟರ್ ಕಪ್ಪು ಹಪ್ಪಳದ ಹಾಗಾಗಿತ್ತು. ಪೈಪ್ ಹಾಕಿ ನೋಡಿದ್ದರೆ ಅವತ್ತೇ ಸುಳಿವು ಸಿಗುತ್ತಿತ್ತೇನೋ.

ಸರಿಯಾದ ಟೆಸ್ಟ್ ಹೀಗಿರುತ್ತದೆ. ಪೆಟ್ರೋಲ್ ಗಾಡಿಯಾದರೆ ಎಂಜಿನ್ ಬಿಸಿ ಇರುವಾಗ ಸೈಲೆನ್ಸರಿನೊಳಗೆ ಕೊಳವೆ ಇಟ್ಟು ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಸುಡದೆ ಉಳಿದ ಹೈಡ್ರೋಕಾರ್ಬನ್ ಎಷ್ಟಿದೆ ಅಂತ ಅಳೆಯುತ್ತಾರೆ. ಡೀಸೆಲ್ ಆದರೆ ಗೇರ್ ಹಾಕದೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟು, ಬರುವ ಹೊಗೆಯ ಮೂಲಕ ಬೆಳಕು ಹಾಯಿಸಿ ಎಷ್ಟು ತಡೆಯಿತು ಅಂತ ನೋಡುತ್ತಾರೆ. ಒಂದೇ ಸಲ ಅಲ್ಲ, ಹಲವು ಸಲ. ಪರದೆಯ ಮೇಲೆ ಅಂಕಿ ಓಡುವುದು ನಿಮಗೂ ಕಾಣಬೇಕು. ಕಾಣದಿದ್ದರೆ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ದುಡ್ಡು ಕೊಡುತ್ತಿರೋರು ನೀವು.

ಟೆಸ್ಟಿನಲ್ಲಿ ಫೇಲ್ ಆದರೆ ಗಾಡಿ ಹಿಡಿದುಕೊಳ್ತಾರಾ?

ಇಲ್ಲ. 2021ರ ಜೂನ್‌ನಿಂದ ದೇಶಕ್ಕೆಲ್ಲ ಒಂದೇ ನಮೂನೆಯ ಕ್ಯೂಆರ್ ಕೋಡ್ ಇರುವ ಚೀಟಿ ಬಂದಿದೆ. ಜೊತೆಗೆ ಫೇಲಾದ ಗಾಡಿಗೆ ತಿರಸ್ಕಾರದ ಚೀಟಿ ಕೊಡುವ ಪದ್ಧತಿಯೂ ಬಂತು. ಅದನ್ನು ಮೆಕ್ಯಾನಿಕ್‌ಗೆ ತೋರಿಸಿದರೆ ಎಲ್ಲಿ ಕೈ ಹಾಕಬೇಕು ಅಂತ ಅವನಿಗೆ ಅರ್ಥವಾಗುತ್ತದೆ. ಎಷ್ಟೋ ಸಲ ಕಾರಣ ಚಿಕ್ಕದೇ ಆಗಿರುತ್ತದೆ: ಕೊಳೆತ ಏರ್ ಫಿಲ್ಟರ್, ಹಳೇ ಸ್ಪಾರ್ಕ್ ಪ್ಲಗ್, ಕಾರ್ಬೊರೇಟರ್ ಸೆಟ್ಟಿಂಗ್, ಬದಲಾಯಿಸದ ಆಯಿಲ್. ಇನ್ನೂ ಸುಲಭದ ಕಾರಣ ತಣ್ಣಗಿರುವ ಎಂಜಿನ್. ಮನೆ ಪಕ್ಕದ ಬಂಕಿಗೆ ಅರ್ಧ ಕಿಲೋಮೀಟರ್ ಓಡಿಸಿಕೊಂಡು ಹೋಗಿ ಟೆಸ್ಟ್ ಮಾಡಿಸಬೇಡಿ. ರಿಂಗ್ ರೋಡಿನಲ್ಲಿ ಒಂದು ಹದಿನೈದು ನಿಮಿಷ ಓಡಿಸಿ, ಹಾಗೇ ಬಿಸಿಬಿಸಿಯಾಗಿ ಒಳಗೆ ಬನ್ನಿ.

ಚೀಟಿ ಇಲ್ಲದೆ ಸಿಕ್ಕಿಬಿದ್ದರೆ? ಇನ್ಶೂರೆನ್ಸ್ ಕ್ಲೇಮ್ ಕೂಡ ಹೋಗುತ್ತಂತೆ?

ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸ್ ಮೂರು ತಿಂಗಳು ಅಮಾನತು ಆಗಲೂಬಹುದು. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಚೀಟಿಯನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದರೂ ನಡೆಯುತ್ತದೆ, ಕಾಗದವೇ ಬೇಕು ಅಂತ ಹಟ ಮಾಡುವ ಹಾಗಿಲ್ಲ.

ಇನ್ಶೂರೆನ್ಸ್ ವಿಷಯಕ್ಕೆ ಬಂದರೆ, ಎಮಿಷನ್ ಚೀಟಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅಪಘಾತದ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂತ ವಿಮಾ ನಿಯಂತ್ರಣ ಪ್ರಾಧಿಕಾರವೇ 2020ರಲ್ಲಿ ಸ್ಪಷ್ಟ ಮಾಡಿದೆ. ವಾಟ್ಸಾಪಿನಲ್ಲಿ ಸುತ್ತುವ ಆ ಮೆಸೇಜ್ ಸುಳ್ಳು. ಚೀಟಿ ಇಲ್ಲದೆ ಪಾಲಿಸಿ ನವೀಕರಿಸಬಾರದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೋ ನಿಜ, ಆದರೆ 2024ರಲ್ಲಿ ಆ ಷರತ್ತನ್ನು ಅದೇ ಕೋರ್ಟ್ ತೆಗೆಯಿತು.

ಈಗ ಜರ್ಮನಿಗೆ ಬರೋಣ. ಅಲ್ಲಿ ಯಾವ ಬಣ್ಣಕ್ಕೆ ಏನು?

ಅಲ್ಲಿ ವಲಯಕ್ಕೆ ಉಮ್‌ವೆಲ್ಟ್‌ಝೋನೆ ಅನ್ನುತ್ತಾರೆ, ಸ್ಟಿಕ್ಕರಿಗೆ ಉಮ್‌ವೆಲ್ಟ್‌ಪ್ಲಾಕೆಟೆ. ನಿಯಮ ಜಾರಿಯಾಗಿದ್ದು 2007ರ ಮಾರ್ಚ್‌ನಲ್ಲಿ, ಮೊದಲ ವಲಯಗಳು ಶುರುವಾಗಿದ್ದು 2008ರ ಜನವರಿ 1ರಂದು ಬರ್ಲಿನ್, ಕೊಲೋನ್, ಹ್ಯಾನೋವರ್‌ನಲ್ಲಿ. ಕೆಂಪಿಗೆ 2, ಹಳದಿಗೆ 3, ಹಸಿರಿಗೆ 4 ಅಂತ ಅಂಕಿ. ಒಂದನೇ ಗುಂಪಿನ ಗಾಡಿಗೆ ಸ್ಟಿಕ್ಕರೇ ಕೊಡುವುದಿಲ್ಲ. ಮೊದಮೊದಲು ಮೂರೂ ಬಣ್ಣಕ್ಕೆ ಒಳಗೆ ಬಿಡುತ್ತಿದ್ದರು. ಬರಬರುತ್ತಾ ಬಿಗಿ ಮಾಡಿ, ಈಗ ಹಸಿರಿಗೆ ಮಾತ್ರ ದಾರಿ ಅಂತ ಇಟ್ಟುಕೊಳ್ಳಿ.

ಹಸಿರು ಸಿಗುವುದು ಕಷ್ಟವೇನಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಪೆಟ್ರೋಲ್ ಕಾರಾದರೆ ಯೂರೋ 1 ಆದರೂ ಸಾಕು. ಡೀಸೆಲ್ ಯೂರೋ 4 ಇರಬೇಕು, ಅಥವಾ ಯೂರೋ 3 ಇದ್ದು ಕಣಗಳನ್ನು ಹಿಡಿಯುವ ಫಿಲ್ಟರ್ ಕೂಡಿಸಿರಬೇಕು. ಗಾಡಿಯ ನೋಂದಣಿ ಪತ್ರದ 14.1ನೇ ಅಂಕಣದಲ್ಲಿ ದರ್ಜೆಯ ಸಂಖ್ಯೆ ಇರುತ್ತದೆ, ಅದನ್ನು ನೋಡಿಯೇ ಕೊಡುತ್ತಾರೆ.

ವಲಯದ ಬೋರ್ಡು ಬಿಳಿಯದು. ಕೆಂಪು ವೃತ್ತದೊಳಗೆ ಉಮ್‌ವೆಲ್ಟ್ ಅಂತ, ಕೆಳಗೆ ಝೋನೆ ಅಂತ ಬರೆದಿರುತ್ತದೆ. ಅದರಡಿ ಇನ್ನೊಂದು ಚಿಕ್ಕ ಬೋರ್ಡಿನಲ್ಲಿ ಯಾವ ಬಣ್ಣದ ಸ್ಟಿಕ್ಕರಿಗೆ ಒಳಗೆ ಬಿಡುತ್ತಾರೆ ಅಂತ ಚಿತ್ರ. ನಾನು ಮೊದಲ ಸಲ ನೋಡಿದಾಗ ವೇಗದ ಮಿತಿ ಅಂದುಕೊಂಡಿದ್ದೆ.

ಎಲ್ಲಿ ಸಿಗುತ್ತೆ? ಎಷ್ಟು? ಎಷ್ಟು ವರ್ಷ ಬರುತ್ತೆ?

ನೋಂದಣಿ ಕಚೇರಿಯಲ್ಲಿ, ಟ್ಯೂಫ್, ಡೆಕ್ರಾದಂಥ ತಪಾಸಣೆ ಕೇಂದ್ರಗಳಲ್ಲಿ, ಅನುಮತಿ ಇರುವ ಗ್ಯಾರೇಜುಗಳಲ್ಲಿ ಸಿಗುತ್ತದೆ. ಕಚೇರಿಯಲ್ಲಿ ತೆಗೆದುಕೊಂಡರೆ ಐದಾರು ಯೂರೋದಲ್ಲಿ ಮುಗಿಯುತ್ತದೆ. ಆನ್‌ಲೈನಿನಲ್ಲಿ ಮಧ್ಯವರ್ತಿಗಳು ಇದರ ಹಲವು ಪಟ್ಟು ಕೇಳುತ್ತಾರೆ. ಕೊಡುವುದು ಅದೇ ಸ್ಟಿಕ್ಕರ್, ಸುಮ್ನೆ ಕೊಡಬೇಡಿ. ಸ್ಟಿಕ್ಕರಿನ ಮೇಲೆ ನಿಮ್ಮ ಗಾಡಿಯ ನಂಬರ್ ಬರೆದು ಕೊಡುತ್ತಾರೆ. ಅದನ್ನು ಮುಂದಿನ ಗಾಜಿನ ಒಳಗಡೆ, ಬಲ ಕೆಳಮೂಲೆಗೆ ಅಂಟಿಸಬೇಕು. ವರ್ಷ ವರ್ಷ ಹೊಸದು ಬೇಡ, ಆ ನಂಬರ್ ಇರುವ ತನಕ ನಡೆಯುತ್ತದೆ.

ಮಗ ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೋತಿದಾನೆ. ಸ್ಟಿಕ್ಕರ್ ಆಗಲೇ ಇದೆಯಂತೆ. ಸಾಕಲ್ವಾ?

ನಂಬರ್ ಬದಲಾದರೆ ಸಾಲದು. ನಮ್ಮ ಅಕ್ಕನ ಮಗ ಎಡವಿದ್ದು ಇಲ್ಲೇ. ಬೇರೆ ಊರಿನ ನೋಂದಣಿಯ ಕಾರು ಕೊಂಡ, ತನ್ನೂರಿನ ಹೊಸ ನಂಬರ್ ಹಾಕಿಸಿದ. ಗಾಜಿನ ಮೇಲೆ ಹಸಿರು ಸ್ಟಿಕ್ಕರ್ ಫಳಫಳ ಹೊಳೀತಿತ್ತು, ಆದರೆ ಅದರಲ್ಲಿದ್ದಿದ್ದು ಹಳೇ ಮಾಲೀಕನ ನಂಬರ್. ಮೂರು ತಿಂಗಳು ಯಾರೂ ಕೇಳಲಿಲ್ಲ. ಒಂದು ಶನಿವಾರ ಅಂಗಡಿ ಬೀದಿಯಲ್ಲಿ ನಿಲ್ಲಿಸಿ ಹೋಗಿದ್ದಾನೆ, ವಾಪಸ್ ಬಂದರೆ ವೈಪರಿಗೆ ಸಿಕ್ಕಿಸಿದ ಚೀಟಿ. ಹೌದು, ವಲಯದೊಳಗೆ ನಿಂತ ಗಾಡಿಗೂ ದಂಡ ಹಾಕುತ್ತಾರೆ, ಓಡುತ್ತಲೇ ಇರಬೇಕು ಅಂತಿಲ್ಲ. ದಂಡ 100 ಯೂರೋ. "ಗಾಡಿ ಹಸಿರೇ ಇದೆಯಲ್ಲಾ ಮಾವ, ನಂಬರ್ ಒಂದು ಬೇರೆ ಅಷ್ಟೇ ತಾನೇ" ಅಂತ ಫೋನಿನಲ್ಲಿ ನನ್ನ ಹತ್ತಿರ ವಾದ. ನಾನೇನು ಮಾಡಲಿ! ಆರು ಯೂರೋ ಸ್ಟಿಕ್ಕರಿನ ಜಾಗದಲ್ಲಿ ನೂರು ಹೋಯಿತು.

ಇದೇ ಕಾರಣಕ್ಕೆ ಬಿಸಿಲಿಗೆ ನಂಬರ್ ಅಳಿಸಿಹೋದ ಸ್ಟಿಕ್ಕರ್ ಕೂಡ ಲೆಕ್ಕಕ್ಕಿಲ್ಲ. ಓದಲು ಬರಬೇಕು.

ಬಾಡಿಗೆ ಕಾರಾದರೆ?

ಜರ್ಮನಿಯೊಳಗೆ ತೆಗೆದುಕೊಂಡ ಬಾಡಿಗೆ ಕಾರಿಗೆ ಸಾಮಾನ್ಯವಾಗಿ ಹಸಿರು ಸ್ಟಿಕ್ಕರ್ ಇದ್ದೇ ಇರುತ್ತದೆ. ಕೀಲಿ ಇಸಿದುಕೊಳ್ಳುವಾಗ ಗಾಜು ನೋಡಿ, ನಂಬರ್ ಹೊಂದುತ್ತಾ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಪಕ್ಕದ ದೇಶದಲ್ಲಿ ಕಾರು ಹಿಡಿದು ಜರ್ಮನಿಗೆ ಬರುವುದಾದರೆ ಮಾತ್ರ ಮೊದಲೇ ಕೇಳಬೇಕು, ಏಕೆಂದರೆ ಹೊರದೇಶದ ನಂಬರಿನ ಕಾರಿಗೂ ನಿಯಮ ಅದೇ. ಹಾಗೇ, ಇಲ್ಲಿಂದ ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳುವುದು ಮರೆಯಬೇಡಿ. ಅದು ಬೇರೆ ಕಥೆ.

ಎಲೆಕ್ಟ್ರಿಕ್ ಕಾರಿಗೆ ಬೇಡ ತಾನೇ?

ಬೇಕು! ಹೊಗೆಯೇ ಬಿಡದ ಕಾರಿಗೂ ಹಸಿರು ಸ್ಟಿಕ್ಕರ್ ಬೇಕು. ಜರ್ಮನರ ಹತ್ತಿರ ಯಾಕೆ ಅಂತ ಕೇಳಿದರೆ "ನಿಯಮ" ಅಂತಾರೆ, ಮಾತು ಮುಗಿಯಿತು. ನಮ್ಮಲ್ಲಿ ಬ್ಯಾಟರಿ ಕಾರಿಗೆ ನಂಬರ್ ಪ್ಲೇಟೇ ಹಸಿರು, ದೂರದಿಂದಲೇ ಗೊತ್ತಾಗುತ್ತದೆ. ಈ ಒಂದು ವಿಷಯದಲ್ಲಿ ನಮ್ಮದೇ ಸಲೀಸು.

ಮಂಡ್ಯದಿಂದ ಒಬ್ಬರ ಪ್ರಶ್ನೆ: ಅಲ್ಲಿ ಟ್ರಾಕ್ಟರಿಗೂ ಸ್ಟಿಕ್ಕರ್ ಕೇಳ್ತಾರಾ?

ಕೇಳುವುದಿಲ್ಲ. ಹೊಲಗದ್ದೆಯ ಟ್ರಾಕ್ಟರ್, ದ್ವಿಚಕ್ರ, ತ್ರಿಚಕ್ರ ವಾಹನ, ಆಂಬುಲೆನ್ಸ್, ಪಾರಂಪರಿಕ ಹಳೇ ಕಾರು, ಹೆಚ್ಚು ಅಂಗವೈಕಲ್ಯ ಇರುವವರ ಗಾಡಿ, ಇವಕ್ಕೆ ವಿನಾಯಿತಿ ಇದೆ. ಪ್ರಶ್ನೆ ಕೇಳಿದವರ ಮನೆ ಮುಂದೆ ಕಬ್ಬಿನ ಲೋಡು ಹೊತ್ತ ಟ್ರಾಕ್ಟರುಗಳು ಕಟಾವಿನ ಕಾಲದಲ್ಲಿ ರಾತ್ರಿಯೆಲ್ಲ ಸಾಲುಗಟ್ಟಿ ನಿಲ್ಲುತ್ತವಂತೆ, ಎಂಜಿನ್ ಆಫ್ ಮಾಡದೆ. ಅವರ ಕೆಮ್ಮಿಗೆ ಜರ್ಮನಿಯ ನಿಯಮದಲ್ಲೂ ಮದ್ದಿಲ್ಲ. ನಮ್ಮಲ್ಲಿ ಟ್ರಾಕ್ಟರಿಗೆ ಬಿಎಸ್ ಅಲ್ಲ, ಟ್ರೆಮ್ ಅಂತ ಬೇರೆಯದೇ ಅಳತೆ. 50 ಅಶ್ವಶಕ್ತಿ ಮೀರಿದವಕ್ಕೆ 2023ರ ಜನವರಿಯಿಂದ ಟ್ರೆಮ್-4 ಬಂದಿದೆ. ನಮ್ಮ ರೈತರು ಜಾಸ್ತಿ ಇಟ್ಟುಕೊಂಡಿರುವುದು ಅದಕ್ಕಿಂತ ಚಿಕ್ಕವನ್ನೇ.

ಹಸಿರು ಸ್ಟಿಕ್ಕರ್ ಇದ್ದರೆ ಜರ್ಮನಿಯಲ್ಲಿ ಎಲ್ಲಿ ಬೇಕಾದರೂ ಹೋಗಬಹುದಾ?

ಪೂರ್ತಿ ಹಾಗಲ್ಲ. ಸ್ಟುಟ್‌ಗಾರ್ಟಿನಲ್ಲಿ 2019ರ ಜನವರಿಯಿಂದ ಯೂರೋ 4 ಡೀಸೆಲ್ ಕಾರುಗಳನ್ನು ತಡೆದರು. ಅವುಗಳ ಗಾಜಿನ ಮೇಲೆ ಹಸಿರು ಸ್ಟಿಕ್ಕರೇ ಇತ್ತು! ಹಸಿರು ಅನ್ನುವುದು ಕಣಗಳ ಲೆಕ್ಕ, ಈ ತಡೆ ನೈಟ್ರೋಜನ್ ಆಕ್ಸೈಡಿನ ಲೆಕ್ಕ. ಅದಕ್ಕೊಂದು ನೀಲಿ ಸ್ಟಿಕ್ಕರ್ ತರುವ ಮಾತು ವರ್ಷಗಟ್ಟಲೆ ನಡೆಯಿತು, ಬರಲಿಲ್ಲ. ಇನ್ನೊಂದು ಕಡೆ ವಲಯಗಳೇ ಮುಚ್ಚುತ್ತಿವೆ. ಎರ್‌ಫುರ್ಟ್ 2021ರಲ್ಲಿ, ಕಾರ್ಲ್ಸ್‌ರೂ, ಹೈಡೆಲ್‌ಬರ್ಗ್ 2023ರಲ್ಲಿ, ಮೊದಲಿಗರಲ್ಲಿ ಒಂದಾದ ಹ್ಯಾನೋವರ್ 2024ರಲ್ಲಿ ಬೋರ್ಡು ಕಿತ್ತವು. ಗಾಳಿ ಮಿತಿಯೊಳಗೆ ಬಂದಿದೆ, ಹಳೇ ಗಾಡಿಗಳೂ ತಾವಾಗಿಯೇ ಕಡಿಮೆಯಾಗಿವೆ ಅನ್ನುವುದು ಕಾರಣ.

ಪ್ಯಾರಿಸ್‌ಗೆ ಅದೇ ಸ್ಟಿಕ್ಕರ್ ನಡೆಯುತ್ತಾ?

ಇಲ್ಲ. ಫ್ರಾನ್ಸಿನದು ಬೇರೆ, ಹೆಸರು ಕ್ರಿಟೇರ್. ಅಲ್ಲಿ ಸೊನ್ನೆಯಿಂದ ಐದರವರೆಗೆ ಅಂಕಿ, ಚಿಕ್ಕದಾದಷ್ಟೂ ಒಳ್ಳೆಯದು. ಬ್ಯಾಟರಿ ಗಾಡಿಗೆ ಹಸಿರು, ಯೂರೋ 5 ಮತ್ತು 6ರ ಪೆಟ್ರೋಲಿಗೆ 1, ಅದೇ ದರ್ಜೆಯ ಡೀಸೆಲಿಗೆ 2. ಬೈಕಿಗೂ ಬೇಕು, ಇದು ಜರ್ಮನಿಗಿಂತ ಬೇರೆ. ಪ್ಯಾರಿಸಿನಲ್ಲಿ 2025ರ ಜನವರಿಯಿಂದ 3ನೇ ದರ್ಜೆಗೂ ತಡೆ ಬಂತು. ಅದೇ ವರ್ಷ ಅಲ್ಲಿನ ಸಂಸತ್ತಿನ ಕೆಳಮನೆ ಈ ವಲಯಗಳನ್ನೇ ರದ್ದು ಮಾಡಬೇಕು ಅಂತ ಮತ ಹಾಕಿತು. ಹಳೇ ಕಾರು ಇಟ್ಟುಕೊಂಡವರು ಬಡವರೇ, ಅವರನ್ನೇ ಊರ ಹೊರಗಿಡುತ್ತಿದ್ದೀರಿ ಅನ್ನುವ ಸಿಟ್ಟು ಅಲ್ಲಿ ಜೋರಾಗಿದೆ. ಹೊರಡುವ ವಾರ ಒಮ್ಮೆ ಸರ್ಕಾರದ ವೆಬ್‌ಸೈಟ್ ನೋಡಿಬಿಡಿ.

ಲಂಡನ್?

ಅಲ್ಲಿ ಸ್ಟಿಕ್ಕರೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಪೆಟ್ರೋಲ್ ಯೂರೋ 4, ಡೀಸೆಲ್ ಯೂರೋ 6 ಇಲ್ಲದ ಕಾರಿಗೆ ದಿನಕ್ಕೆ 12.50 ಪೌಂಡ್. ತಡೆಯುವುದಿಲ್ಲ, ದುಡ್ಡು ಕಟ್ಟಿ ಹೋಗಿ ಅನ್ನುತ್ತಾರೆ. ಯೂಲೆಝ್ ಅಂತ ಕರೆಯುವ ಈ ವಲಯ 2019ರ ಏಪ್ರಿಲ್‌ನಲ್ಲಿ ನಡು ಊರಿಗೆ ಮಾತ್ರ ಇತ್ತು, 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ ಹಬ್ಬಿದೆ. ಕಟ್ಟದಿದ್ದರೆ ದಂಡ 180 ಪೌಂಡ್, ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರ್ಧ. ಗೇಟಿಲ್ಲ, ಪೊಲೀಸಿಲ್ಲ, ಮನೆಗೆ ಬರುವ ಪತ್ರ ನೋಡಿದಾಗಲೇ ಗೊತ್ತಾಗೋದು.

ಮೈಸೂರಿನಿಂದ ಕಾರಿನಲ್ಲೇ ದೆಹಲಿ, ಆಗ್ರಾ ನೋಡೋ ಯೋಚನೆ ಇದೆ. ತೊಂದರೆ ಆಗುತ್ತಾ?

ಚಳಿಗಾಲದಲ್ಲಿ ಹೋದರೆ ಆಗಬಹುದು. ಗಾಳಿ ತೀರಾ ಕೆಟ್ಟಾಗ ಗ್ರ್ಯಾಪ್ ಅನ್ನುವ ಹಂತ ಹಂತದ ಕ್ರಮ ಜಾರಿಯಾಗುತ್ತದೆ. ಮೂರನೇ ಹಂತಕ್ಕೆ ಬಂದರೆ ದೆಹಲಿ ಮತ್ತು ಗುರುಗ್ರಾಮ, ನೋಯ್ಡಾ ಕಡೆ ಬಿಎಸ್-3 ಪೆಟ್ರೋಲ್, ಬಿಎಸ್-4 ಡೀಸೆಲ್ ಕಾರುಗಳು ರಸ್ತೆಗಿಳಿಯುವಂತಿಲ್ಲ. ಗಾಜಿನ ಮೇಲಿನ ಕಿತ್ತಳೆ ಸ್ಟಿಕ್ಕರ್ ನಿಜವಾಗಿ ಕೆಲಸಕ್ಕೆ ಬರೋದು ಇಂಥಲ್ಲಿ. ಕಿತ್ತಳೆಯ ಮೇಲೆ ಹಸಿರು ಪಟ್ಟಿ ಇದೆಯೋ ಇಲ್ಲವೋ ಅಂತ ದೂರದಿಂದಲೇ ನೋಡುತ್ತಾರೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಬಗ್ಗೆ ಅಲ್ಲಿ ಬೇರೆ ಆದೇಶಗಳಿವೆ, 2025ರಲ್ಲಿ ಅವು ಹಿಂದೆ ಮುಂದೆ ಆದವು. ಹೊರಡುವ ಹಿಂದಿನ ದಿನದ ಪೇಪರ್ ನೋಡಿ. ಆಗ್ರಾದಲ್ಲಿ ತಾಜ್ ಮಹಲಿನ 500 ಮೀಟರ್ ಒಳಗೆ ಹೊಗೆ ಬಿಡುವ ಗಾಡಿ ಬಿಡುವುದಿಲ್ಲ, ಅಲ್ಲಿಂದ ಬ್ಯಾಟರಿ ಗಾಡಿ ಅಥವಾ ನಡಿಗೆ.

ಇಷ್ಟೆಲ್ಲ ಮಾಡಿದರೆ ಗಾಳಿ ನಿಜವಾಗಿ ಶುದ್ಧ ಆಗುತ್ತಾ?

ಸ್ವಲ್ಪ ಆಗುತ್ತದೆ. ಡೀಸೆಲ್ ಮಸಿ ಚೆನ್ನಾಗಿಯೇ ಇಳಿಯುತ್ತದೆ. ಒಟ್ಟು ಧೂಳಿನ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ಬ್ರೇಕು, ಟೈರು ಸವೆದು ಏಳುವ ಪುಡಿಗೆ ಯಾವ ಸ್ಟಿಕ್ಕರೂ ಇಲ್ಲ. ಕಾಗದದ ದರ್ಜೆಯನ್ನು ಪೂರ್ತಿ ನಂಬಲೂ ಆಗುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದಿದ್ದು ನೆನಪಿದೆಯಲ್ಲ? ಪರೀಕ್ಷೆ ನಡೆಯುತ್ತಿದೆ ಅಂತ ಗುರುತಿಸಿ ಆಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಅದರ ಡೀಸೆಲ್ ಕಾರುಗಳಲ್ಲಿತ್ತು. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಯೂನಿಫಾರ್ಮ್ ಹಾಕಿಕೊಂಡು ಬರುವ ಹುಡುಗನ ಹಾಗೆ.

ಮೈಸೂರಿಗೆ ಇಂಥ ವಲಯ ಬಂದರೆ ಒಳ್ಳೇದಾ?

ನನ್ನ ಅಭಿಪ್ರಾಯ ಕೇಳಿದರೆ, ಇಡೀ ಊರಿಗೆ ಬೇಡ. ದೇವರಾಜ ಮಾರುಕಟ್ಟೆಗೆ ತರಕಾರಿ ತರುವವನ ಹಳೇ ಗೂಡ್ಸ್ ಆಟೋವನ್ನು ರಿಂಗ್ ರೋಡಿನಲ್ಲೇ ನಿಲ್ಲಿಸಿ, ಹೊಸ ದೊಡ್ಡ ಡೀಸೆಲ್ ಕಾರಿನಲ್ಲಿ ಒಬ್ಬನೇ ಕೂತು ಬರುವವನನ್ನು ಒಳಗೆ ಬಿಡುವುದು ಯಾವ ನ್ಯಾಯ? ಅರಮನೆಯಿಂದ ಕೆ.ಆರ್. ವೃತ್ತ, ಮಾರುಕಟ್ಟೆವರೆಗಿನ ಚಿಕ್ಕ ಜಾಗಕ್ಕೆ ಮಾಡಿ, ಗೂಡ್ಸ್ ಆಟೋದವರಿಗೆ ಬ್ಯಾಟರಿ ಗಾಡಿಗೆ ಸಾಲ ಕೊಟ್ಟು ಎರಡು ಮೂರು ವರ್ಷ ಟೈಮ್ ಕೊಟ್ಟರೆ ಯೋಚಿಸಬಹುದು. ಬಾಡಿಗೆ ಸೈಕಲ್ ಟ್ರಿನ್ ಟ್ರಿನ್ ಅನ್ನು 2017ರಲ್ಲಿ ಶುರುಮಾಡಿದ ಊರು ನಮ್ಮದು, ಹೊಸದಕ್ಕೆ ಹೆದರುವ ಜನ ಅಲ್ಲ. ಆದರೆ ಅದಕ್ಕೂ ಮುಂಚೆ ಎಮಿಷನ್ ವ್ಯಾನಿನ ಹುಡುಗ ಸೈಲೆನ್ಸರಿಗೆ ಪೈಪ್ ಹಾಕಲಿ. ಖಾಲಿ ಸೈಟಿನಲ್ಲಿ ಕಸಕ್ಕೆ ಬೆಂಕಿ ಇಡುವುದೂ ನಿಲ್ಲಲಿ. ಇವೆರಡಕ್ಕೆ ಹೊಸ ಕಾನೂನು ಬೇಕಿಲ್ಲ.

ಗಾಜು ಒಡೆದು ಹೊಸದು ಹಾಕಿಸಿದೆ. ಸ್ಟಿಕ್ಕರ್ ಹಳೇ ಗಾಜಿನ ಜೊತೆ ಹೋಯಿತು. ಏನು ಮಾಡಲಿ?

ಅದನ್ನು ಕಿತ್ತು ಮತ್ತೆ ಅಂಟಿಸೋಕೆ ಆಗುವುದಿಲ್ಲ. ಕೀಳಲು ಹೋದರೆ ಹರಿದು ಹಾಳಾಗುವ ಹಾಗೇ ಮಾಡಿರುತ್ತಾರೆ. ಎಚ್‌ಎಸ್‌ಆರ್‌ಪಿ ಕೊಡುವ ಅಧಿಕೃತ ವೆಬ್‌ಸೈಟಿನಲ್ಲಿ ಅಥವಾ ಕಾರು ಕೊಂಡ ಡೀಲರ್ ಹತ್ತಿರ ಸ್ಟಿಕ್ಕರ್ ಒಂದನ್ನೇ ಬೇರೆಯಾಗಿ ಕೇಳಿ. ಫುಟ್‌ಪಾತಿನಲ್ಲಿ ಮಾಡಿಕೊಡುವ ಬಣ್ಣದ ಕಾಗದ ಬೇಡ, ಅದರಲ್ಲಿ ಹೊಲೊಗ್ರಾಮ್ ಇರುವುದಿಲ್ಲ. ಗಾಜು ಹಾಕಿಸಿದ ಬಿಲ್ ಹೊಸ ಸ್ಟಿಕ್ಕರ್ ಬರುವ ತನಕ ಗಾಡಿಯಲ್ಲೇ ಇಟ್ಟುಕೊಂಡಿರಿ, ಯಾರಾದರೂ ನಿಲ್ಲಿಸಿ ಕೇಳಿದರೆ ತೋರಿಸಬಹುದು.